ವ್ಯೂ 3: ಹಲವು ಕಾಂಪೊನೆಂಟ್‌ಗಳು ಹಂಚಿಕೊಳ್ಳುವ ರಿಯಾಕ್ಟಿವ್ ಸ್ಟೇಟ್ ಎಲ್ಲಿರಬೇಕು?

ಪ್ರಶ್ನೆ

ನಮಸ್ಕಾರ. ಒಂದು ತಂಡದವರು ತಮ್ಮ ಕೆಲಸಗಳನ್ನು ಹಂಚಿಕೊಂಡು ಮುಗಿಸಲು ನೆರವಾಗುವ ಆ್ಯಪ್ ಒಂದನ್ನು ವೆಬ್ ಪುಟಗಳನ್ನು ಕಾಂಪೊನೆಂಟ್ ಎಂಬ ಬಿಡಿ ತುಣುಕುಗಳಿಂದ ಕಟ್ಟುವ ವ್ಯೂ 3 ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟಿನ ಕಂಪೊಸಿಷನ್ ಎಪಿಐ ಬಳಸಿ ಬರೆಯುತ್ತಿದ್ದೇನೆ. ಪುಟದ ತಲೆಯಲ್ಲಿರುವ ಹೆಡರ್‌ನಲ್ಲಿ ಇನ್ನೂ ಓದದ ಸೂಚನೆಗಳ ಸಂಖ್ಯೆ ಕಾಣಬೇಕು. ಎಡಬದಿಯಲ್ಲಿ ಆರಿಸಿದ ಫಿಲ್ಟರ್‌ಗೆ ತಕ್ಕಂತೆ ನಡುವಿನ ಪಟ್ಟಿ ಬದಲಾಗಬೇಕು. ಲಾಗಿನ್ ಆದವರ ಹೆಸರೂ ಅವರು ಆರಿಸಿಕೊಂಡ ಥೀಮ್ ಕೂಡ ಎಲ್ಲೆಡೆ ಸಿಗಬೇಕು. ಹೀಗೆ ಬದಲಾದೊಡನೆ ಪುಟವೂ ತಾನಾಗಿ ಬದಲಾಗಬೇಕಾದ ಮಾಹಿತಿಯೇ ರಿಯಾಕ್ಟಿವ್ ಸ್ಟೇಟ್. ಈ ಕಾಂಪೊನೆಂಟ್‌ಗಳ ನಡುವೆ ಹತ್ತಿರದ ನಂಟಿಲ್ಲದ ಕಾರಣ, ಪ್ರಾಪ್ಸ್ (ಮೇಲಿನ ಕಾಂಪೊನೆಂಟ್ ಕೆಳಗಿನದಕ್ಕೆ ಕೊಡುವ ಮಾಹಿತಿ) ಮೂಲಕವೇ ಕಳುಹಿಸಲು ಹೊರಟರೆ ನಡುವಿನ ಐದಾರು ಕಾಂಪೊನೆಂಟ್‌ಗಳು ತಮಗೆ ಬೇಕಿಲ್ಲದ ಮಾಹಿತಿಯನ್ನು ಹೊತ್ತು ದಾಟಿಸುವುದಕ್ಕಷ್ಟೇ ಇರುವಂತಾಗುತ್ತದೆ.

ಇದುವರೆಗೆ ನಾನು ಮಾಡಿದ್ದನ್ನು ಅನುಕ್ರಮವಾಗಿ ಹೇಳುತ್ತೇನೆ. ಮೊದಲು ಸೂಚನೆಗಳಿಗಾಗಿ ಒಂದು ಕಂಪೋಸಬಲ್ (ಹಲವು ಕಾಂಪೊನೆಂಟ್‌ಗಳು ಕರೆದು ಬಳಸುವ) ಫಂಕ್ಷನ್ ಬರೆದು, ಅದರ ಒಳಗೆ ಒಂದು ರೆಫ್ (ಬದಲಾದಾಗ ವ್ಯೂ ಗಮನಿಸುವ ಬೆಲೆ) ಸೃಷ್ಟಿಸಿ ಹಿಂತಿರುಗಿಸಿದೆ. ಪಟ್ಟಿಯಲ್ಲಿ ಒಂದು ಸೂಚನೆಯನ್ನು ಓದಿಯಾಯಿತೆಂದು ಗುರುತಿಸಿದಾಗ ಪಟ್ಟಿಯ ಲೆಕ್ಕ ಇಳಿಯಿತು, ಹೆಡರ್‌ನ ಲೆಕ್ಕ ಮಾತ್ರ ಇದ್ದಲ್ಲಿಯೇ ಉಳಿಯಿತು. ಆ ರೆಫ್ ಇದ್ದ ಸಾಲನ್ನು ಫಂಕ್ಷನ್‌ನಿಂದ ಹೊರಗೆ, ಫೈಲಿನ ಮೇಲ್ಭಾಗಕ್ಕೆ ತಂದಿಟ್ಟ ಕೂಡಲೇ ಎರಡೂ ಒಟ್ಟಿಗೆ ಬದಲಾಗತೊಡಗಿದವು. ಅದು ಸರಿಹೋಯಿತೆಂಬ ಉತ್ಸಾಹದಲ್ಲಿ ಹೆಸರು, ಥೀಮ್, ಫಿಲ್ಟರ್, ಸಂಖ್ಯೆ ಎಲ್ಲವನ್ನೂ ಒಂದೇ ದೊಡ್ಡ ರಿಯಾಕ್ಟಿವ್ ಆಬ್ಜೆಕ್ಟ್‌ನೊಳಗೆ ಸೇರಿಸಿ, ಹೆಡರ್‌ನಲ್ಲಿ ಬೇಕಾದ ಸಂಖ್ಯೆಯನ್ನಷ್ಟೇ ಡಿಸ್ಟ್ರಕ್ಚರ್ ಮಾಡಿ, ಅಂದರೆ ಆಬ್ಜೆಕ್ಟ್‌ನಿಂದ ಒಡೆದು ಬೇರೆ ವೇರಿಯಬಲ್‌ಗೆ, ತೆಗೆದುಕೊಂಡೆ. ಹೆಡರ್ ಮತ್ತೆ ನಿಂತುಹೋಯಿತು. ಎರರ್ ಇಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ.

ಕೊನೆಯದು ನನ್ನನ್ನು ನಿಜವಾಗಿ ಹೆದರಿಸಿದ ಸಂಗತಿ. ಮೊದಲ ಪುಟ ಬೇಗ ಕಾಣಲೆಂದು ಸರ್ವರ್‌ನಲ್ಲಿಯೇ ರೆಂಡರ್ ಮಾಡುವ (ಪುಟದ ಎಚ್‌ಟಿಎಂಎಲ್ ಸಿದ್ಧಪಡಿಸುವ) ವ್ಯವಸ್ಥೆ ಸೇರಿಸಿದೆ. ನನ್ನ ಯಂತ್ರದಲ್ಲಿಯೇ ಎರಡು ಬ್ರೌಸರ್‌ಗಳಲ್ಲಿ ಎರಡು ಪರೀಕ್ಷಾ ಖಾತೆಗಳಿಂದ ಲಾಗಿನ್ ಆಗಿ ನೋಡಿದಾಗ, ಎರಡನೆಯ ಖಾತೆಗೆ ಬಂದ ಎಚ್‌ಟಿಎಂಎಲ್‌ನಲ್ಲಿ ಮೊದಲ ಖಾತೆಯ ಹೆಸರಿತ್ತು. ಇದು ಬಳಕೆದಾರರ ಕೈಗೆ ಹೋಗುವ ಮೊದಲೇ ಕಣ್ಣಿಗೆ ಬಿದ್ದದ್ದು ನನ್ನ ಪುಣ್ಯ.

ಈ ಮೂರೂ ಬೇರೆ ಬೇರೆ ದೋಷಗಳೇ ಅಥವಾ ನಾನು ಮೂಲದಲ್ಲಿಯೇ ಏನನ್ನೋ ತಪ್ಪಾಗಿ ತಿಳಿದುಕೊಂಡಿದ್ದೇನೆಯೇ? ಪಿನಿಯಾದಂಥ, ಹಂಚಿಕೊಳ್ಳುವ ಸ್ಟೇಟ್ ಇಡಲೆಂದೇ ಇರುವ ಸ್ಟೋರ್ ಲೈಬ್ರರಿ ಬಳಸಿದರೆ ಇವೆಲ್ಲ ತಾವಾಗಿಯೇ ಸರಿಹೋಗುತ್ತವೆಯೇ? ಅರ್ಥವಾಗದೆ ಲೈಬ್ರರಿ ಸೇರಿಸಲು ಮನಸ್ಸಿಲ್ಲ.

ಮೊದಲ ಉತ್ತರ

ಮೂರರಲ್ಲಿ ಮೊದಲನೆಯದೂ ಮೂರನೆಯದೂ ಒಂದೇ ಸಂಗತಿಯ ಎರಡು ಮುಖಗಳು. ನಡುವಿನದು ಬೇರೆ. ಮೂರನೆಯದರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ನಾನು ಮೊದಲೆರಡನ್ನು ಬಿಡಿಸಲು ಪ್ರಯತ್ನಿಸುತ್ತೇನೆ.

ಫಂಕ್ಷನ್‌ನ ಒಳಗೆ ಬರೆದ ಸಾಲು, ಆ ಫಂಕ್ಷನ್ ಅನ್ನು ಎಷ್ಟು ಸಲ ಕರೆದರೆ ಅಷ್ಟು ಸಲ ನಡೆಯುತ್ತದೆ. ಹೆಡರ್ ಕರೆದಾಗ ಒಂದು ರೆಫ್ ಹುಟ್ಟಿತು, ಪಟ್ಟಿ ಕರೆದಾಗ ಇನ್ನೊಂದು ಹುಟ್ಟಿತು. ಅವೆರಡರ ನಡುವೆ ಹೆಸರೊಂದನ್ನು ಬಿಟ್ಟರೆ ಯಾವ ಸಂಬಂಧವೂ ಇಲ್ಲ. ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ನ (ಅಂದರೆ ಫೈಲಿನ) ಮೇಲ್ಮಟ್ಟದ ಸಾಲುಗಳಾದರೋ ಆ ಮಾಡ್ಯೂಲ್ ಅನ್ನು ಎಷ್ಟು ಫೈಲ್‌ಗಳು ಇಂಪೋರ್ಟ್ ಮಾಡಿದರೂ ಒಮ್ಮೆ ಮಾತ್ರ ನಡೆಯುತ್ತವೆ. ಆದ್ದರಿಂದ ಅಲ್ಲಿ ಹುಟ್ಟಿದ ರೆಫ್ ಒಂದೇ, ಎಲ್ಲರೂ ಹಿಡಿದಿರುವುದು ಅದನ್ನೇ. ನೀವು ಸಾಲನ್ನು ಹೊರಗೆ ತಂದಾಗ ಹಂಚಿಕೆ ಸಾಧ್ಯವಾದದ್ದು ಈ ಕಾರಣದಿಂದಲೇ ಹೊರತು ವ್ಯೂನ ಯಾವ ವಿಶೇಷ ಏರ್ಪಾಡಿನಿಂದಲೂ ಅಲ್ಲ.

ಈಗ ಡಿಸ್ಟ್ರಕ್ಚರಿಂಗ್ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುವುದು ಒಳ್ಳೆಯದು. ರಿಯಾಕ್ಟಿವ್ ಫಂಕ್ಷನ್ ನಿಮಗೆ ಕೊಡುವುದು ಮೂಲ ಆಬ್ಜೆಕ್ಟ್ ಅನ್ನಲ್ಲ, ಅದರ ಮುಂದೆ ಬಾಗಿಲು ಕಾಯುವ ಒಂದು ಪ್ರಾಕ್ಸಿಯನ್ನು. ಯಾರಾದರೂ ಆ ಬಾಗಿಲಿನ ಮೂಲಕ ಒಂದು ಪ್ರಾಪರ್ಟಿಯನ್ನು ಓದಿದಾಗ, ಆ ಕ್ಷಣದಲ್ಲಿ ಯಾವ ಕಾಂಪೊನೆಂಟ್‌ನ ರೆಂಡರ್ ಅಥವಾ ಯಾವ ವಾಚ್ (ಬೆಲೆ ಬದಲಾದಾಗ ನಡೆಯುವ ಕೋಡ್) ನಡೆಯುತ್ತಿದೆಯೋ ಅದರ ಗುರುತನ್ನು ಪ್ರಾಕ್ಸಿ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಆ ಪ್ರಾಪರ್ಟಿಗೆ ಹೊಸ ಬೆಲೆ ಬಂದಾಗ ಬರೆದಿಟ್ಟವರಿಗೆಲ್ಲ ಸುದ್ದಿ ಕಳುಹಿಸುತ್ತದೆ. ಓದುವುದೂ ಬರೆಯುವುದೂ ಆ ಬಾಗಿಲಿನಲ್ಲಿಯೇ ನಡೆಯಬೇಕು ಎಂಬುದೊಂದೇ ಷರತ್ತು. ಸೆಟಪ್‌ನಲ್ಲಿ (ಕಾಂಪೊನೆಂಟ್ ಸೃಷ್ಟಿಯಾಗುವಾಗ ಒಮ್ಮೆ ನಡೆಯುವ ಕೋಡ್) ನೀವು ಡಿಸ್ಟ್ರಕ್ಚರ್ ಮಾಡಿದಾಗ ಓದುವ ಕ್ರಿಯೆ ಅಲ್ಲಿಯೇ, ಆಗಲೇ ಮುಗಿದುಹೋಗುತ್ತದೆ. ಅದು ರೆಂಡರ್ ನಡೆಯುತ್ತಿರುವ ಸಮಯವೂ ಅಲ್ಲ. ನಿಮ್ಮ ಕೈಗೆ ಬಂದದ್ದು 7 ಎಂಬ ಬರೀ ಸಂಖ್ಯೆ, ಅದಕ್ಕೆ ತಾನು ಎಲ್ಲಿಂದ ಬಂದೆನೆಂಬ ನೆನಪಿಲ್ಲ. ಎರರ್ ಬಾರದಿರುವುದೂ ಇದೇ ಕಾರಣಕ್ಕೆ: ಜಾವಾಸ್ಕ್ರಿಪ್ಟ್‌ನ ದೃಷ್ಟಿಯಲ್ಲಿ ನೀವು ಯಾವ ತಪ್ಪನ್ನೂ ಮಾಡಿಲ್ಲ.

ಪರಿಹಾರಗಳು ಹಲವು. ಆಬ್ಜೆಕ್ಟ್ ಅನ್ನು ಇಡಿಯಾಗಿ ಇಟ್ಟುಕೊಂಡು ಟೆಂಪ್ಲೇಟ್‌ನಲ್ಲಿ (ಕಾಂಪೊನೆಂಟ್‌ನ ಎಚ್‌ಟಿಎಂಎಲ್ ಭಾಗ) ಚುಕ್ಕಿ ಹಾಕಿ ಓದಬಹುದು. ಒಡೆಯಲೇಬೇಕೆಂದಿದ್ದರೆ ಟುರೆಫ್ಸ್ ಮೂಲಕ ಒಡೆದರೆ, ಪ್ರತಿಯೊಂದು ಪ್ರಾಪರ್ಟಿಗೂ ಮೂಲದೊಂದಿಗೆ ನಂಟು ಕಡಿಯದ ರೆಫ್ ಸಿಗುತ್ತದೆ. ನನ್ನ ಅಭಿರುಚಿಯನ್ನು ಕೇಳಿದರೆ, ಮೊದಲಿನಿಂದಲೂ ಬಿಡಿ ಬಿಡಿ ರೆಫ್‌ಗಳನ್ನೇ ಬಳಸುತ್ತೇನೆ. ರೆಫ್ ಒಂದು ಡಬ್ಬಿಯಂತೆ, ಬೆಲೆ ಅದರ ವ್ಯಾಲ್ಯೂ ಎಂಬ ಪ್ರಾಪರ್ಟಿಯಲ್ಲಿರುತ್ತದೆ, ಡಬ್ಬಿಯನ್ನು ಯಾರ ಕೈಗೆ ದಾಟಿಸಿದರೂ ಅದು ಅದೇ ಡಬ್ಬಿ. ಪ್ರತಿ ಸಲವೂ ವ್ಯಾಲ್ಯೂ ಎಂದು ಬರೆಯಬೇಕೆಂದು ಗೊಣಗುವವರು ಉಂಟು. ಆದರೆ ಇಲ್ಲಿ ರಿಯಾಕ್ಟಿವ್ ಓದು ನಡೆಯುತ್ತಿದೆ ಎಂದು ಆ ಒಂದು ಪದ ಕಣ್ಣಿಗೆ ಕಾಣುವಂತೆ ಸಾರುವುದರಿಂದ ನನಗೆ ಅದು ಹೊರೆಯೆನಿಸಿಲ್ಲ.

ಇದೇ ಜಾತಿಯ ಇನ್ನೂ ಕೆಲವು ಎಡವಟ್ಟುಗಳು ನಿಮಗೆ ಎದುರಾಗಲಿವೆ. ರಿಯಾಕ್ಟಿವ್ ಆಬ್ಜೆಕ್ಟ್‌ನ ಒಂದು ಪ್ರಾಪರ್ಟಿಯನ್ನು ಇನ್ನೊಂದು ಕಂಪೋಸಬಲ್‌ಗೆ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಹೋಗುವುದು ಆ ಹೊತ್ತಿನ ಬೆಲೆ ಮಾತ್ರ. ವಾಚ್‌ಗೆ ಕೊಡುವಾಗ ಅದನ್ನು ಓದುವ ಪುಟ್ಟ ಆ್ಯರೋ ಫಂಕ್ಷನ್ ಒಂದನ್ನು ಕೊಡಬೇಕೆಂಬ ನಿಯಮದ ಹಿಂದಿರುವುದೂ ಇದೇ. ಸರ್ವರ್‌ನಿಂದ ಬಂದ ಹೊಸ ಮಾಹಿತಿಯನ್ನು ಹಾಕಲು ಇಡೀ ರಿಯಾಕ್ಟಿವ್ ಆಬ್ಜೆಕ್ಟ್‌ನ ಜಾಗದಲ್ಲಿ ಇನ್ನೊಂದು ರಿಯಾಕ್ಟಿವ್ ಆಬ್ಜೆಕ್ಟ್ ಇಟ್ಟರೆ, ಹಳೆಯದನ್ನು ಹಿಡಿದು ಕುಳಿತ ಕಾಂಪೊನೆಂಟ್‌ಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಇಡಿಯಾಗಿ ಬದಲಾಗುವ ಮಾಹಿತಿ ರೆಫ್‌ನಲ್ಲಿರುವುದು ಕ್ಷೇಮ.

ಹಾಗೆಂದು ಡಿಸ್ಟ್ರಕ್ಚರಿಂಗ್ ಎಂದರೆ ಹಾವು ಕಂಡಂತೆ ಬೆಚ್ಚಬೇಕಿಲ್ಲ. ಕಂಪೋಸಬಲ್ ಒಂದು ಸಾದಾ ಆಬ್ಜೆಕ್ಟ್‌ನಲ್ಲಿ ರೆಫ್‌ಗಳನ್ನು ತುಂಬಿ ಹಿಂತಿರುಗಿಸಿದಾಗ ಅದನ್ನು ಒಡೆದುಕೊಳ್ಳುವುದೇ ಸರಿಯಾದ ಪದ್ಧತಿ. ಒಡೆಯದೆ ಟೆಂಪ್ಲೇಟ್‌ನ ಲೆಕ್ಕಾಚಾರದೊಳಗೆ ಚುಕ್ಕಿ ಹಾಕಿ ಬಳಸಿದರೆ, ಮೇಲ್ಮಟ್ಟದಲ್ಲಿಲ್ಲದ ರೆಫ್ ಅನ್ನು ವ್ಯೂ ತಾನಾಗಿ ಬಿಚ್ಚುವುದಿಲ್ಲವಾದ್ದರಿಂದ ಸಂಖ್ಯೆಯ ಬದಲು ‘ಆಬ್ಜೆಕ್ಟ್ ಆಬ್ಜೆಕ್ಟ್’ ಎಂಬ ವಿಚಿತ್ರ ಬರಹ ಪರದೆಯ ಮೇಲೆ ಮೂಡುತ್ತದೆ. ಒಡೆಯುವಾಗ ಕೈಗೆ ಬರುವುದು ಡಬ್ಬಿಯೋ ಡಬ್ಬಿಯೊಳಗಿನ ಬೆಲೆಯೋ ಎಂದು ಕೇಳಿಕೊಂಡರೆ ಗೊಂದಲವಿರುವುದಿಲ್ಲ.

ಎರಡನೆಯ ಉತ್ತರ

ಸರ್ವರ್‌ನ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಇದೇ ಹಳ್ಳಕ್ಕೆ ನಾನೂ ಬಿದ್ದಿದ್ದೆ.

ಮಾಡ್ಯೂಲ್ ಒಮ್ಮೆ ಮಾತ್ರ ನಡೆಯುತ್ತದೆ ಎಂಬ ಮಾತು ಮೇಲಿನ ಉತ್ತರದಲ್ಲಿದೆಯಲ್ಲ, ಅದರಲ್ಲಿಯೇ ನಿಮ್ಮ ಉತ್ತರವೂ ಇದೆ. ಬ್ರೌಸರ್‌ನಲ್ಲಿ ‘ಒಮ್ಮೆ’ ಎಂದರೆ ಪುಟ ತೆರೆದ ಪ್ರತಿ ಸಲವೂ ಒಮ್ಮೆ. ಒಂದು ಟ್ಯಾಬ್ ಒಬ್ಬ ಬಳಕೆದಾರರಿಗೆ ಸೇರಿದ್ದರಿಂದ ಅಲ್ಲಿ ‘ಇಡೀ ಆ್ಯಪ್‌ಗೆ ಒಂದೇ’ ಎಂದರೂ ‘ಒಬ್ಬರಿಗೆ ಒಂದೇ’ ಎಂದರೂ ಅರ್ಥ ಒಂದೇ ಆಗುತ್ತದೆ. ಸರ್ವರ್‌ನಲ್ಲಿ ‘ಒಮ್ಮೆ’ ಎಂದರೆ ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ತಂತ್ರಾಂಶ) ಪ್ರೊಸೆಸ್ ಶುರುವಾದಾಗ ಒಮ್ಮೆ. ಆ ಪ್ರೊಸೆಸ್ ದಿನಗಟ್ಟಲೆ ಬದುಕಿದ್ದು ಸಾವಿರಾರು ಜನರ ಕೋರಿಕೆಗಳಿಗೆ ಉತ್ತರಿಸುತ್ತಿರುತ್ತದೆ, ಅವರೆಲ್ಲರೂ ನಿಮ್ಮ ಒಂದೇ ಆಬ್ಜೆಕ್ಟ್ ಅನ್ನು ಹಂಚಿಕೊಳ್ಳುತ್ತಾರೆ. ಮೊದಲ ಖಾತೆಯ ಕೋರಿಕೆ ಬಂದಾಗ ಹೆಸರನ್ನು ಅದರಲ್ಲಿ ಬರೆದಿರಿ, ಅಳಿಸುವವರು ಯಾರೂ ಇರಲಿಲ್ಲ, ಎರಡನೆಯ ಖಾತೆಯ ಕೋರಿಕೆ ಬಂದಾಗ ಅದೇ ಓದಿಗೆ ಸಿಕ್ಕಿತು. ಒಂದು ಕೋರಿಕೆಯ ಸ್ಟೇಟ್ ಇನ್ನೊಂದನ್ನು ಕೆಡಿಸುವ ಈ ತೊಂದರೆಯನ್ನು ವ್ಯೂನ ಅಧಿಕೃತ ದಾಖಲೆಯೇ ಸರ್ವರ್ ರೆಂಡರಿಂಗ್ ಅಧ್ಯಾಯದಲ್ಲಿ ಬೇರೆಯಾಗಿ ಎತ್ತಿ ಹೇಳಿದೆ. ಪ್ರತಿ ಕೋರಿಕೆಯ ಕೊನೆಗೆ ಸ್ಟೇಟ್ ಅನ್ನು ಖಾಲಿ ಮಾಡಿದರಾಯಿತು ಎಂದು ನಿಮಗೆ ಹೊಳೆಯಬಹುದು. ಅದೂ ಸಾಲದು. ಒಂದು ಕೋರಿಕೆ ಡೇಟಾಬೇಸ್‌ನ ಉತ್ತರಕ್ಕಾಗಿ ಅವೇಟ್‌ನಲ್ಲಿ ಕಾಯುತ್ತಿರುವಾಗ ಇನ್ನೊಂದು ಕೋರಿಕೆ ನುಗ್ಗಿ ಬರೆಯುತ್ತದೆ.

ಆದ್ದರಿಂದ ಸ್ಟೇಟ್ ಹುಟ್ಟಬೇಕಾದದ್ದು ಮಾಡ್ಯೂಲ್‌ನಲ್ಲಿ ಅಲ್ಲ, ಪ್ರತಿಯೊಂದು ಕೋರಿಕೆಗೂ ಹೊಸದಾಗಿ ಸೃಷ್ಟಿಯಾಗುವ ಆ್ಯಪ್ ಇನ್‌ಸ್ಟೆನ್ಸ್‌ನಲ್ಲಿ. ಕ್ರಿಯೇಟ್‌ಆ್ಯಪ್ ಅನ್ನು ಒಂದು ಫಂಕ್ಷನ್‌ನೊಳಗೆ ಇಟ್ಟು, ಕೋರಿಕೆ ಬಂದಾಗಲೆಲ್ಲ ಅದನ್ನು ಕರೆದು, ಹೊಸ ರೌಟರ್ (ಯುಆರ್‌ಎಲ್‌ಗೆ ತಕ್ಕ ಪುಟ ತೋರಿಸುವ ಭಾಗ), ಹೊಸ ಸ್ಟೇಟ್ ಎಲ್ಲವನ್ನೂ ಅಲ್ಲಿಯೇ ಸೃಷ್ಟಿಸಿ, ಆ್ಯಪ್ ಮಟ್ಟದಲ್ಲಿ ಪ್ರೊವೈಡ್ ಮಾಡಿ, ಕಾಂಪೊನೆಂಟ್‌ಗಳು ಇಂಜೆಕ್ಟ್ ಮೂಲಕ ತೆಗೆದುಕೊಳ್ಳುವಂತೆ ಮಾಡಿದರೆ ಯಾವ ಲೈಬ್ರರಿಯೂ ಇಲ್ಲದೆ ಈ ಸಮಸ್ಯೆ ಬಗೆಹರಿಯುತ್ತದೆ. ಪಿನಿಯಾ ಒಳಗೊಳಗೆ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಸ್ಟೋರ್‌ನ ವ್ಯಾಖ್ಯೆ ಮಾತ್ರ ಮಾಡ್ಯೂಲ್‌ನಲ್ಲಿರುತ್ತದೆ, ನಿಜವಾದ ಸ್ಟೇಟ್ ಇರುವುದು ನೀವು ಆ್ಯಪ್‌ಗೆ ಜೋಡಿಸಿದ ಪಿನಿಯಾ ಇನ್‌ಸ್ಟೆನ್ಸ್‌ನಲ್ಲಿ. 2019ರ ನವೆಂಬರ್‌ನ ಸುಮಾರಿಗೆ ಒಂದು ಪ್ರಯೋಗವಾಗಿ ಶುರುವಾದ ಅದು ಈಗ ವ್ಯೂನ ಅಧಿಕೃತ ಶಿಫಾರಸು. ಹಳೆಯ ಸ್ಟೋರ್ ಲೈಬ್ರರಿ ವ್ಯೂಎಕ್ಸ್ ಕೇವಲ ನಿರ್ವಹಣೆಯ ಹಂತದಲ್ಲಿದೆ, ಹೊಸ ಆ್ಯಪ್‌ಗೆ ಅದನ್ನು ಆರಿಸಲು ಕಾರಣವಿಲ್ಲ.

ಆದರೆ ‘ತಾವಾಗಿಯೇ ಸರಿಹೋಗುತ್ತವೆಯೇ’ ಎಂದು ಕೇಳಿದ್ದೀರಿ. ಎಲ್ಲವೂ ಅಲ್ಲ. ಪಿನಿಯಾದ ಸ್ಟೋರ್ ಕೂಡ ರಿಯಾಕ್ಟಿವ್ ಆಬ್ಜೆಕ್ಟೇ ಆದ್ದರಿಂದ ಅದನ್ನು ನೇರವಾಗಿ ಒಡೆದರೆ ನಿಮ್ಮ ಹೆಡರ್ ಮತ್ತೆ ನಿಲ್ಲುತ್ತದೆ. ಸ್ಟೇಟ್ ಮತ್ತು ಗೆಟರ್‌ಗಳಿಗೆ (ಸ್ಟೇಟ್‌ನಿಂದ ಲೆಕ್ಕ ಹಾಕಿದ ಬೆಲೆಗಳು) ಸ್ಟೋರ್‌ಟುರೆಫ್ಸ್ ಬಳಸಬೇಕು, ಆ್ಯಕ್ಷನ್‌ಗಳನ್ನು (ಸ್ಟೋರ್‌ನ ಫಂಕ್ಷನ್‌ಗಳು) ಮಾತ್ರ ನೇರವಾಗಿ ಒಡೆದುಕೊಳ್ಳಬಹುದು. ಸೆಟಪ್ ಶೈಲಿಯಲ್ಲಿ ಸ್ಟೋರ್ ಬರೆದರೆ ಅದರೊಳಗಿನ ಸ್ಟೇಟ್ ರೆಫ್‌ಗಳನ್ನೆಲ್ಲ ಹಿಂತಿರುಗಿಸಲೇಬೇಕು. ಖಾಸಗಿಯಾಗಿರಲೆಂದು ಒಂದನ್ನು ಬಚ್ಚಿಟ್ಟರೆ ಪಿನಿಯಾ ಅದನ್ನು ಸ್ಟೇಟ್ ಎಂದು ಗುರುತಿಸುವುದಿಲ್ಲ, ಸರ್ವರ್‌ನಿಂದ ಬ್ರೌಸರ್‌ಗೆ ಅದು ದಾಟುವುದೂ ಇಲ್ಲ. ಇನ್ನೊಂದು ಸೂಕ್ಷ್ಮವಿದೆ: ಸರ್ವರ್‌ನಲ್ಲಿ ನಡೆಯುವ ಆ್ಯಕ್ಷನ್‌ಗಳಲ್ಲಿ ಬೇರೆ ಸ್ಟೋರ್ ಬೇಕಾದರೆ ಅದನ್ನು ಮೊದಲ ಅವೇಟ್‌ಗಿಂತ ಮುಂಚೆಯೇ ಕರೆದಿಟ್ಟುಕೊಳ್ಳಬೇಕು. ಆ ಕ್ಷಣಕ್ಕೆ ಯಾವ ಪಿನಿಯಾ ಚಾಲ್ತಿಯಲ್ಲಿದೆ ಎಂಬ ಗುರುತು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿರುವುದರಿಂದ, ನೀವು ಕಾಯುತ್ತಿರುವಾಗ ಬೇರೆ ಕೋರಿಕೆ ಅದನ್ನು ಬದಲಿಸಿರಬಹುದು. ಅಂದರೆ ನೀವು ತಪ್ಪಿಸಿಕೊಳ್ಳಲು ಹೊರಟ ಭೂತವೇ ಹಿತ್ತಿಲ ಬಾಗಿಲಿನಿಂದ ಬರುತ್ತದೆ.

ಸರ್ವರ್‌ನಲ್ಲಿ ತುಂಬಿದ ಸ್ಟೇಟ್ ಅನ್ನು ಬ್ರೌಸರ್‌ಗೆ ಕಳುಹಿಸಲು ಎಚ್‌ಟಿಎಂಎಲ್‌ನೊಳಗೆ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಬರೆಯುವ ರೂಢಿಯಿದೆ. ಸಾದಾ ಜೇಸನ್ ಸ್ಟ್ರಿಂಗ್‌ಅನ್ನೇ ಅಲ್ಲಿ ಸುರಿಯಬೇಡಿ. ಬಳಕೆದಾರರೊಬ್ಬರು ಕೆಲಸದ ಶೀರ್ಷಿಕೆಯಾಗಿ ಸ್ಕ್ರಿಪ್ಟ್ ಮುಚ್ಚುವ ಟ್ಯಾಗ್ ಬರೆದರೆ ನಿಮ್ಮ ಪುಟ ಅಲ್ಲಿಗೇ ಬಿರುಕು ಬಿಡುತ್ತದೆ, ಅದರ ಮುಂದೆ ಅವರು ಬರೆದದ್ದು ಇತರರ ಬ್ರೌಸರ್‌ನಲ್ಲಿ ಕೋಡ್ ಆಗಿ ನಡೆಯುತ್ತದೆ. ವ್ಯೂ ಮೇಲೆ ಕಟ್ಟಿದ ನಕ್ಸ್ಟ್ ಚೌಕಟ್ಟು ಬಳಸಿದರೆ ಇಂಥ ಅಕ್ಷರಗಳನ್ನು ನಿರಪಾಯಗೊಳಿಸುವ ಎಸ್ಕೇಪ್ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ಸ್ವಂತ ವ್ಯವಸ್ಥೆಯಾದರೆ ಇದಕ್ಕೆಂದೇ ಇರುವ ಡಿವ್ಯಾಲ್ಯೂನಂಥ ಲೈಬ್ರರಿ ಬಳಸಿ.

ಮೂರನೆಯ ಉತ್ತರ

ಮೇಲಿನ ಎರಡೂ ಉತ್ತರಗಳು ಸರಿಯಾಗಿವೆ. ಆದರೆ ಅವು ‘ಗ್ಲೋಬಲ್ ಸ್ಟೇಟ್ ಅನ್ನು ಹೇಗೆ ಇಡುವುದು’ ಎಂಬುದಕ್ಕೆ ಉತ್ತರಿಸಿವೆ. ನೀವು ಪಟ್ಟಿ ಮಾಡಿದ ನಾಲ್ಕರಲ್ಲಿ ಗ್ಲೋಬಲ್ ಆಗಬೇಕಾದದ್ದು ಎಷ್ಟು ಎಂದು ಯಾರೂ ಕೇಳಲಿಲ್ಲ. ನನ್ನ ಎಣಿಕೆಯಲ್ಲಿ ಎರಡು.

ಫಿಲ್ಟರ್ ಅನ್ನೇ ನೋಡಿ. ಬಳಕೆದಾರರು ಫಿಲ್ಟರ್ ಹಾಕಿ ಪುಟವನ್ನು ರಿಫ್ರೆಶ್ ಮಾಡಿದರೆ ಅದು ಉಳಿಯಬೇಕಲ್ಲವೇ? ಬ್ರೌಸರ್‌ನ ಹಿಂದಕ್ಕೆ ಹೋಗುವ ಗುಂಡಿ ಒತ್ತಿದಾಗ ಹಿಂದಿನ ಫಿಲ್ಟರ್ ಬರಬೇಕಲ್ಲವೇ? ಆ ಪಟ್ಟಿಯ ಕೊಂಡಿಯನ್ನು ಸಹೋದ್ಯೋಗಿಗೆ ಕಳುಹಿಸಿದರೆ ಅವರಿಗೂ ಅದೇ ಕಾಣಬೇಕಲ್ಲವೇ? ಮೂರಕ್ಕೂ ಹೌದು ಎನ್ನುವುದಾದರೆ ಫಿಲ್ಟರ್‌ನ ಜಾಗ ಯುಆರ್‌ಎಲ್. ರೌಟರ್ ಕೊಡುವ ರೌಟ್ ಆಬ್ಜೆಕ್ಟ್ ಈಗಾಗಲೇ ರಿಯಾಕ್ಟಿವ್ ಆಗಿದೆ, ಎಲ್ಲ ಕಾಂಪೊನೆಂಟ್‌ಗಳಿಗೂ ಸಿಗುತ್ತದೆ, ಸರ್ವರ್‌ನಲ್ಲಿಯೂ ಕೋರಿಕೆಗೆ ತಕ್ಕಂತೆ ಬೇರೆಯಾಗಿಯೇ ಇರುತ್ತದೆ. ಕ್ವೆರಿಯಿಂದ (ಯುಆರ್‌ಎಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ) ಓದುವ ಮತ್ತು ಕ್ವೆರಿಗೆ ಬರೆಯುವ ಒಂದು ಕಂಪ್ಯೂಟೆಡ್ (ಬೇರೆ ಸ್ಟೇಟ್‌ನಿಂದ ಲೆಕ್ಕ ಹಾಕಿ ಪಡೆಯುವ ಬೆಲೆ) ಸಾಕು. ಸ್ಟೋರ್‌ನಲ್ಲಿ ಒಂದು ಪ್ರತಿ, ಯುಆರ್‌ಎಲ್‌ನಲ್ಲಿ ಒಂದು ಪ್ರತಿ ಇಟ್ಟು ಎರಡನ್ನೂ ವಾಚ್‌ಗಳಿಂದ ಸರಿದೂಗಿಸಲು ಹೊರಟವರ ಕೋಡ್ ಅನ್ನು ನಾನು ಸಾಕಷ್ಟು ಬಿಡಿಸಿದ್ದೇನೆ. ಒಂದು ವಾಚ್ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮೊದಲನೆಯದನ್ನು ಎಬ್ಬಿಸುತ್ತದೆ, ಕೊನೆಗೆ ಅದನ್ನು ನಿಲ್ಲಿಸಲು ಒಂದು ಫ್ಲ್ಯಾಗ್ ಹುಟ್ಟಿಕೊಳ್ಳುತ್ತದೆ, ಆ ಫ್ಲ್ಯಾಗ್ ಏಕಿದೆ ಎಂಬುದು ಆರು ತಿಂಗಳಲ್ಲಿ ಬರೆದವರಿಗೇ ಮರೆತಿರುತ್ತದೆ.

ಓದದ ಸೂಚನೆಗಳ ಸಂಖ್ಯೆಯೂ ಸ್ಟೇಟ್ ಅಲ್ಲ. ಸೂಚನೆಗಳ ಪಟ್ಟಿ ಇದ್ದರೆ ಸಂಖ್ಯೆ ಅದರಿಂದ ಹುಟ್ಟುವ ಲೆಕ್ಕ, ಅಂದರೆ ಕಂಪ್ಯೂಟೆಡ್. ಸಂಖ್ಯೆಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡು ಓದಿದಾಗಲೆಲ್ಲ ಒಂದು ಕಳೆಯುತ್ತಾ ಹೋದರೆ ಒಂದಲ್ಲ ಒಂದು ದಿನ ಅದು ಪಟ್ಟಿಯೊಂದಿಗೆ ತಾಳೆಯಾಗದೆ ಮೈನಸ್ ಒಂದು ಎಂದು ತೋರಿಸುತ್ತದೆ. ಪಟ್ಟಿಯ ಮೂಲ ಇರುವುದೂ ನಿಮ್ಮ ಬ್ರೌಸರ್‌ನಲ್ಲಿ ಅಲ್ಲ, ಸರ್ವರ್‌ನಲ್ಲಿ. ನಿಮ್ಮ ಬಳಿ ಇರುವುದು ಒಂದು ನಕಲು, ಅದು ಎಷ್ಟು ಹಳೆಯದು, ಮತ್ತೆ ಯಾವಾಗ ತರಬೇಕು, ಎರಡು ಕಾಂಪೊನೆಂಟ್‌ಗಳು ಒಟ್ಟಿಗೆ ಕೇಳಿದರೆ ಎರಡು ಸಲ ತರಬೇಕೇ, ತರುವುದು ವಿಫಲವಾದರೆ ಏನು ತೋರಿಸಬೇಕು ಎಂಬ ಪ್ರಶ್ನೆಗಳೆಲ್ಲ ಕ್ಯಾಶ್‌ನ (ತಾತ್ಕಾಲಿಕ ನಕಲಿನ) ಪ್ರಶ್ನೆಗಳು. ಇವನ್ನೆಲ್ಲ ಸ್ಟೋರ್‌ನಲ್ಲಿ ಕೈಯಾರೆ ಬರೆಯಬಹುದು, ನಾನೂ ಬರೆದಿದ್ದೇನೆ, ಈಗ ಬರೆಯುವುದಿಲ್ಲ. ಟ್ಯಾನ್‌ಸ್ಟ್ಯಾಕ್ ಕ್ವೆರಿ ಎಂಬ ಲೈಬ್ರರಿಯ ವ್ಯೂ ಆವೃತ್ತಿಯಂಥದ್ದು ಕೀ ಒಂದರ ಆಧಾರದ ಮೇಲೆ ಈ ನಕಲನ್ನು ಎಲ್ಲ ಕಾಂಪೊನೆಂಟ್‌ಗಳಿಗೂ ಹಂಚುತ್ತದೆ.

ಲಾಗಿನ್ ಆದವರ ಗುರುತು ಮತ್ತು ಥೀಮ್, ಇವೆರಡು ಉಳಿದವು. ಇವು ನಿಜಕ್ಕೂ ಗ್ಲೋಬಲ್. ಇವಕ್ಕೆ ಒಂದು ಪುಟ್ಟ ಪಿನಿಯಾ ಸ್ಟೋರ್ ಅಥವಾ ಆ್ಯಪ್ ಮಟ್ಟದ ಪ್ರೊವೈಡ್ ಧಾರಾಳವಾಗಿ ಸಾಕು. ಪ್ರೊವೈಡ್ ಆರಿಸಿದರೆ ಹೊರಗೆ ಕೊಡುವಾಗ ರೀಡ್‌ಓನ್ಲಿ ಹೊದಿಕೆಯಲ್ಲಿ ಕೊಟ್ಟು, ಬದಲಿಸಲು ಹೆಸರುಳ್ಳ ಫಂಕ್ಷನ್‌ಗಳನ್ನಷ್ಟೇ ಬಿಟ್ಟುಕೊಡುವುದು ವಾಸಿ. ಮೂಲೆಯಲ್ಲಿರುವ ಯಾವುದೋ ಕಾಂಪೊನೆಂಟ್ ಬಳಕೆದಾರರ ಗುರುತನ್ನು ನೇರವಾಗಿ ತಿದ್ದುವಂತಿದ್ದರೆ, ‘ಇದನ್ನು ಬದಲಿಸಿದವರು ಯಾರು’ ಎಂದು ಹುಡುಕಲು ಇಡೀ ಪ್ರಾಜೆಕ್ಟ್ ತಡಕಾಡಬೇಕಾಗುತ್ತದೆ. ಪಿನಿಯಾದ ವಿಷಯದಲ್ಲಿ ನನಗಿರುವ ಸಣ್ಣ ತಕರಾರೂ ಇದೇ: ಸ್ಟೋರ್‌ನ ಸ್ಟೇಟ್ ಅನ್ನು ಯಾರು ಬೇಕಾದರೂ ಹೊರಗಿನಿಂದ ನೇರವಾಗಿ ಬರೆಯಬಹುದು, ಶಿಸ್ತು ನಾವೇ ಇಟ್ಟುಕೊಳ್ಳಬೇಕು.

ನಾಲ್ಕನೆಯ ಉತ್ತರ

ನಾನು ವ್ಯೂನಂಥದ್ದೇ ಇನ್ನೊಂದು ಲೈಬ್ರರಿಯಾದ ರಿಯಾಕ್ಟ್ ಕಡೆಯಿಂದ ಬಂದವನು, ಒಂದು ಹೋಲಿಕೆಯನ್ನಷ್ಟೇ ಸೇರಿಸುತ್ತೇನೆ. ರಿಯಾಕ್ಟ್‌ನಲ್ಲಿ ಮಾಡ್ಯೂಲ್ ಮಟ್ಟದ ವೇರಿಯಬಲ್ ಬದಲಾದರೆ ಏನೂ ಆಗುವುದಿಲ್ಲ, ಏಕೆಂದರೆ ಓದುವವರ ಲೆಕ್ಕವನ್ನು ಯಾರೂ ಇಡುತ್ತಿಲ್ಲ. 2018ರಲ್ಲಿ 16.3ನೇ ಆವೃತ್ತಿಯೊಂದಿಗೆ ಬಂದ ಹೊಸ ಕಾಂಟೆಕ್ಸ್ಟ್ ಮೂಲಕ ಹಂಚಬಹುದು. ಆದರೆ ಅದರ ಬೆಲೆಯಾಗಿರುವ ಆಬ್ಜೆಕ್ಟ್ ಬದಲಾದಾಗ, ಅದರಲ್ಲಿ ಒಂದೇ ಪ್ರಾಪರ್ಟಿಯನ್ನು ಬಳಸುವ ಕಾಂಪೊನೆಂಟ್‌ಗಳೂ ಸೇರಿ ಅದನ್ನು ಓದುವ ಎಲ್ಲವೂ ಮತ್ತೆ ರೆಂಡರ್ ಆಗುತ್ತವೆ. ಹೊರಗಿನ ಸ್ಟೋರ್‌ಗೆ ಚಂದಾದಾರರಾಗಲು 2022ರ ರಿಯಾಕ್ಟ್ 18 ಒಂದು ಪ್ರತ್ಯೇಕ ಹುಕ್ (ಕಾಂಪೊನೆಂಟ್‌ನೊಳಗೆ ಕರೆಯುವ ವಿಶೇಷ ಫಂಕ್ಷನ್) ಅನ್ನೇ ಕೊಟ್ಟಿತು. ವ್ಯೂನಲ್ಲಿ ಪ್ರಾಪರ್ಟಿಯ ಮಟ್ಟದಲ್ಲಿ ಲೆಕ್ಕ ಇರುವುದರಿಂದ ಆ ಚಿಂತೆ ನಿಮಗಿಲ್ಲ. ಅದರ ಬದಲಿಗೆ ತೆರಬೇಕಾದದ್ದು ಡಿಸ್ಟ್ರಕ್ಚರಿಂಗ್‌ನ ಎಚ್ಚರ.

ಇದು ವ್ಯೂಗಷ್ಟೇ ಸೀಮಿತವೂ ಅಲ್ಲ. ಸ್ವೆಲ್ಟ್ ಎಂಬ ಇನ್ನೊಂದು ಚೌಕಟ್ಟಿನ 2024ರಲ್ಲಿ ಬಂದ 5ನೇ ಆವೃತ್ತಿಯಲ್ಲಿ, ಮರುನಿಯೋಜನೆಯಾಗುವ ಸ್ಟೇಟ್ ವೇರಿಯಬಲ್ ಅನ್ನು ಮಾಡ್ಯೂಲ್‌ನಿಂದ ನೇರವಾಗಿ ಎಕ್ಸ್‌ಪೋರ್ಟ್ ಮಾಡಲು ಕಂಪೈಲರ್ ಬಿಡುವುದೇ ಇಲ್ಲ. ಆಬ್ಜೆಕ್ಟ್‌ನ ಪ್ರಾಪರ್ಟಿಯಾಗಿ ಅಥವಾ ಓದುವ ಫಂಕ್ಷನ್ ಮೂಲಕ ಕೊಡಿ ಎನ್ನುತ್ತದೆ. ಮೊದಲ ಉತ್ತರದ ಡಬ್ಬಿ ಮತ್ತು ಬೆಲೆಯ ಮಾತೇ ಅದು. ಅಲ್ಲಿ ಕಂಪೈಲರ್ ಗದರಿಸುತ್ತದೆ, ಇಲ್ಲಿ ಹೆಡರ್ ಮೌನವಾಗಿ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಫಿಲ್ಟರ್ ಯುಆರ್‌ಎಲ್‌ಗೆ ಹೋಯಿತು, ಅದಕ್ಕಾಗಿ ಬರೆದಿದ್ದ ಕೋಡ್‌ನಲ್ಲಿ ಹೆಚ್ಚಿನದು ಅಳಿಸಿಹೋಯಿತು. ಗುರುತು ಮತ್ತು ಥೀಮ್ ಪಿನಿಯಾದಲ್ಲಿವೆ. ಎರಡು ಖಾತೆಗಳ ಪರೀಕ್ಷೆಯನ್ನು ಮತ್ತೆ ಮಾಡಿದೆ, ಹೆಸರು ಬೆರೆಯುತ್ತಿಲ್ಲ.

ಒಂದು ಮಾತ್ರ ಉಳಿದಿದೆ. ಇಂಟರ್‌ನೆಟ್ ಸಂಪರ್ಕ ಇದೆಯೇ ಇಲ್ಲವೇ ಎಂಬುದನ್ನು ಹೇಳುವ ಕಂಪೋಸಬಲ್ ಅನ್ನು ಮಾಡ್ಯೂಲ್ ಮಟ್ಟದಲ್ಲಿಯೇ ಬಿಟ್ಟಿದ್ದೇನೆ, ಏಕೆಂದರೆ ಅದು ಬ್ರೌಸರ್‌ನಲ್ಲಿ ಮಾತ್ರ ಅರ್ಥವುಳ್ಳದ್ದು, ಯಾರ ಗುಟ್ಟೂ ಅದರಲ್ಲಿಲ್ಲ. ಮೊದಲ ಸಲ ಕರೆದಾಗ ಮಾತ್ರ ಅದು ಬ್ರೌಸರ್‌ನ ಘಟನೆಗಳಿಗೆ ಕಿವಿಗೊಡಲು ಶುರುಮಾಡುತ್ತದೆ, ಜೊತೆಗೆ ಸಂಪರ್ಕ ಮರಳಿದಾಗ ಬಾಕಿ ಉಳಿದ ಬದಲಾವಣೆಗಳನ್ನು ಕಳುಹಿಸುವ ಒಂದು ವಾಚ್ ಇಡುತ್ತದೆ. ಆನ್‌ಅನ್‌ಮೌಂಟೆಡ್‌ನಲ್ಲಿ (ಕಾಂಪೊನೆಂಟ್ ಪುಟದಿಂದ ಹೋದಾಗ) ಘಟನೆಗೆ ಕಿವಿಗೊಡುವ ಲಿಸನರ್ ತೆಗೆಯುತ್ತೇನೆ. ಮೊದಲ ಪುಟದಲ್ಲಿ ಎಲ್ಲವೂ ಸರಿ, ಬೇರೆ ಪುಟಕ್ಕೆ ಹೋದ ಕೂಡಲೇ ಎರಡೂ ಸತ್ತುಹೋಗುತ್ತವೆ. ರೆಫ್ ಮಾತ್ರ ಹಳೆಯ ಬೆಲೆಯನ್ನು ಹಿಡಿದುಕೊಂಡು ಅಲ್ಲಿಯೇ ಇದೆ. ಸ್ಟೇಟ್ ಹುಟ್ಟುವ ಜಾಗ ಸರಿಯಾಗಿಯೇ ಇದೆಯಲ್ಲ?

ಮೊದಲು ಉತ್ತರಿಸಿದವರಿಂದ

ಸ್ಟೇಟ್ ಹುಟ್ಟಿದ ಜಾಗ ಸರಿ, ವಾಚ್ ಹುಟ್ಟಿದ ಜಾಗ ತಪ್ಪು. ಯಾವುದಾದರೂ ಕಾಂಪೊನೆಂಟ್‌ನ ಸೆಟಪ್ ನಡೆಯುತ್ತಿರುವಾಗ ಸೃಷ್ಟಿಯಾದ ವಾಚ್ ಆ ಕಾಂಪೊನೆಂಟ್‌ಗೆ ಸೇರುತ್ತದೆ, ಅದು ಅನ್‌ಮೌಂಟ್ ಆದಾಗ ವ್ಯೂ ಅದರ ವಾಚ್‌ಗಳನ್ನೂ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಇದು ವರವೇ, ಇಲ್ಲದಿದ್ದರೆ ಪ್ರತಿ ಪುಟವೂ ಮೆಮೊರಿಯಲ್ಲಿ ಕಸ ಬಿಟ್ಟು ಹೋಗುತ್ತಿತ್ತು. ನಿಮ್ಮ ವಾಚ್ ಮತ್ತು ಲಿಸನರ್ ಎರಡೂ ‘ಮೊದಲು ಕರೆದ’ ಕಾಂಪೊನೆಂಟ್‌ನ ಪಾಲಾಗಿವೆ. ಆ ಕಾಂಪೊನೆಂಟ್ ಹೋದಾಗ ಅವೂ ಹೋದವು. ಎರಡನೆಯ ಪುಟ ಕರೆದಾಗ, ಈಗಾಗಲೇ ಶುರುವಾಗಿದೆ ಎಂದು ತಿಳಿದ ನಿಮ್ಮ ಕೋಡ್ ಮತ್ತೆ ಶುರುಮಾಡಲಿಲ್ಲ.

ಇದಕ್ಕೆಂದೇ 2021ರಲ್ಲಿ ವ್ಯೂ 3.2ರೊಂದಿಗೆ ಎಫೆಕ್ಟ್‌ಸ್ಕೋಪ್ ಎಂಬ, ವಾಚ್‌ಗಳಂಥವನ್ನು ಒಟ್ಟಿಗೆ ಹಿಡಿದು ಒಟ್ಟಿಗೆ ನಿಲ್ಲಿಸುವ ಸೌಲಭ್ಯ ಬಂದಿದೆ. ಅದಕ್ಕೆ ಟ್ರೂ ಎಂಬ ಆರ್ಗ್ಯುಮೆಂಟ್ ಕೊಟ್ಟು ಸೃಷ್ಟಿಸಿದರೆ ಯಾವ ಕಾಂಪೊನೆಂಟ್‌ಗೂ ಅಂಟಿಕೊಳ್ಳದ ಸ್ವತಂತ್ರ ಸ್ಕೋಪ್ ಸಿಗುತ್ತದೆ. ವಾಚ್ ಮತ್ತು ಲಿಸನರ್ ಎರಡನ್ನೂ ಅದರ ರನ್ ಒಳಗೆ ಸೃಷ್ಟಿಸಿ, ಆನ್‌ಅನ್‌ಮೌಂಟೆಡ್‌ನ ಜಾಗದಲ್ಲಿ ಆನ್‌ಸ್ಕೋಪ್‌ಡಿಸ್ಪೋಸ್ ಬಳಸಿ. ಆಗ ಅವುಗಳ ಆಯುಸ್ಸು ಆ ಸ್ಕೋಪ್‌ನದ್ದು, ನೀವು ಸ್ಟಾಪ್ ಕರೆಯುವವರೆಗೂ ಬದುಕಿರುತ್ತವೆ. ಪಿನಿಯಾ ಕೂಡ ತನ್ನ ಸ್ಟೋರ್‌ಗಳನ್ನು ಹೀಗೆಯೇ ಕಾಂಪೊನೆಂಟ್‌ಗಳಿಂದ ಬಿಡಿಸಿಟ್ಟ ಸ್ಕೋಪ್‌ನಲ್ಲಿ ನಡೆಸುತ್ತದೆ, ಹಾಗಾಗಿ ಇದನ್ನೂ ಒಂದು ಸ್ಟೋರ್ ಮಾಡಿಬಿಟ್ಟರೂ ತಪ್ಪಿಲ್ಲ. ವ್ಯೂಯೂಸ್ ಲೈಬ್ರರಿ ಈಗಾಗಲೇ ನಿಮ್ಮ ಪ್ರಾಜೆಕ್ಟ್‌ನಲ್ಲಿದ್ದರೆ ಅದರಲ್ಲಿ ಎರಡು ಸಿದ್ಧ ಹೊದಿಕೆಗಳಿವೆ: ಕ್ರಿಯೇಟ್‌ಗ್ಲೋಬಲ್‌ಸ್ಟೇಟ್ ಒಮ್ಮೆ ಶುರುವಾದದ್ದನ್ನು ನಿಲ್ಲಿಸುವುದೇ ಇಲ್ಲ, ಕ್ರಿಯೇಟ್‌ಶೇರ್ಡ್‌ಕಂಪೋಸಬಲ್ ಬಳಸುವವರನ್ನು ಎಣಿಸುತ್ತಾ ಕೊನೆಯವರು ಹೋದಾಗ ನಿಲ್ಲಿಸಿ, ಮುಂದೆ ಯಾರಾದರೂ ಕರೆದಾಗ ಹೊಸದಾಗಿ ಶುರುಮಾಡುತ್ತದೆ. ಬಾಕಿ ಬದಲಾವಣೆಗಳನ್ನು ಕಳುಹಿಸುವ ಕೆಲಸ ಯಾವ ಪುಟದಲ್ಲಿದ್ದರೂ ನಡೆಯಬೇಕಾದ್ದರಿಂದ ನಿಮಗೆ ಬೇಕಾದದ್ದು ಮೊದಲನೆಯದು.

ಇನ್ನೊಂದು ಮಾತು, ಇದು ನಿಮ್ಮನ್ನು ಸುಮ್ಮನೆ ಗಾಬರಿಗೊಳಿಸದಿರಲಿ ಎಂದು. ಅಭಿವೃದ್ಧಿಯ ಸಮಯದಲ್ಲಿ ಆ ಫೈಲ್ ಅನ್ನು ತಿದ್ದಿ ಉಳಿಸಿದಾಗ ಹಾಟ್ ರಿಲೋಡ್ (ಪುಟವನ್ನು ರಿಫ್ರೆಶ್ ಮಾಡದೆ ಬದಲಾದ ಕೋಡ್ ಹಾಕುವ ಸೌಲಭ್ಯ) ಆ ಮಾಡ್ಯೂಲ್ ಅನ್ನು ಮತ್ತೊಮ್ಮೆ ನಡೆಸಬಹುದು. ಆಗ ಹಳೆಯ ಸ್ಕೋಪ್‌ನ ಲಿಸನರ್ ಇನ್ನೂ ಜೀವಂತವಿದ್ದು ಹೊಸದೊಂದು ಸೇರಿಕೊಂಡು, ಒಂದೇ ಬದಲಾವಣೆ ಎರಡು ಸಲ ಹೋದಂತೆ ಕಾಣುತ್ತದೆ. ಪುಟವನ್ನು ಪೂರ್ತಿ ರಿಫ್ರೆಶ್ ಮಾಡಿದ ಮೇಲೂ ಎರಡು ಸಲ ಹೋಗುತ್ತಿದ್ದರೆ ಮಾತ್ರ ದೋಷ ಹುಡುಕಲು ಕುಳಿತುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಸ್ವತಂತ್ರ ಸ್ಕೋಪ್‌ಗೆ ಬದಲಾಯಿಸಿದೆ. ಮೂರು ಪುಟ ದಾಟಿ, ಸಂಪರ್ಕ ಕಡಿದು ಮತ್ತೆ ಜೋಡಿಸಿದರೂ ಬಾಕಿ ಬದಲಾವಣೆಗಳು ಹೋಗುತ್ತಿವೆ. ಫೈಲ್ ಉಳಿಸಿದಾಗ ಎರಡೆರಡು ಸಲ ಹೋಗುವುದನ್ನೂ ಕಂಡೆ, ರಿಫ್ರೆಶ್ ಮಾಡಿದ ಮೇಲೆ ಒಂದಕ್ಕೆ ಇಳಿಯಿತು. ಸೂಚನೆಗಳ ಪಟ್ಟಿಯನ್ನು ಕ್ಯಾಶ್‌ಗೆ ಸಾಗಿಸುವ ಕೆಲಸ ಇನ್ನೂ ನಡೆದಿದೆ. ಹೆಡರ್‌ನ ಸಂಖ್ಯೆ ಈಗ ಕಂಪ್ಯೂಟೆಡ್ ಆಗಿದೆ.